ಗೇಟಿನಲ್ಲಿ ಕುಂಯ್ ಅಂದರೆ ಏನು ಮಾಡಲಿ?

ವಾರಕ್ಕೊಂದಾದರೂ ಇಂಥ ಪ್ರಸಂಗ ನಡೆಯದೇ ಹೋದರೆ, ಆ ವಾರ ನಮ್ಮ ದವಾಖಾನೆಗೆ ಬೀಗ ಹಾಕಿತ್ತು ಅಂತಲೇ ತಿಳಿಯಬೇಕು. ಶಂಶಾಬಾದಿನ ಹೆದ್ದಾರಿ ಪಕ್ಕ, ಟೈರ್ ಅಂಗಡಿಯ ಮಹಡಿ ಮೇಲೆ ನಮ್ಮದು ಹೆಂಗಸರ ಸಣ್ಣ ದವಾಖಾನೆ. ಡಾಕ್ಟರಮ್ಮ ತೆಲುಗಿನವರು. ನಾನು ಕಲಬುರಗಿಯವಳು, ಬಂದ ಹೆಂಗಸರಿಗೆ ಸಲಹೆ ಹೇಳುವುದು ನನ್ನ ಕೆಲಸ. ಗರ್ಭಪಾತ ಮಾಡಿಸಿಕೊಂಡವರು ಎರಡು ತಾಸು ಮಲಗಿರುತ್ತಾರೆ. ಆ ಎರಡು ತಾಸಿನಲ್ಲಿ ನಾನು ಒಂದು ಮಾತು ಅವರ ತಲೆಗೆ ಹಾಕಬೇಕು. ಮುಟ್ಟು ಬರುವವರೆಗೆ ಏನೂ ಆಗುವುದಿಲ್ಲ ಅಂತ ಕೂರಬೇಡಿ, ಹದಿನೈದು ದಿನದೊಳಗೇ ಮತ್ತೆ ಬಸುರಾಗಬಹುದು, ಇವತ್ತೇ ಏನಾದರೊಂದು ಶುರು ಮಾಡಿ. ಚಹಾ ಬಿಸ್ಕೀಟು ಮುಗಿಸಿ ಆಟೋ ಹತ್ತಿದರೆ ಮತ್ತೆ ಕೈಗೆ ಸಿಗುವವರಲ್ಲ. ಹಾಗಾಗಿ ನಾನು ಕೂತು ಮಾತಾಡಿದ್ದೇ ಇಲ್ಲ, ಮಂಚದ ಸುತ್ತ ತಿರುಗುತ್ತಲೇ ಮಾತಾಡುತ್ತೇನೆ. ನಿದ್ದೆಯಲ್ಲೂ ನನ್ನ ಕಾಲು ಸುಮ್ಮನಿರುವುದಿಲ್ಲ ಅಂತ ನನ್ನ ಗಂಡನ ದೂರು.

ಹೋದ ವರ್ಷ ನನ್ನನ್ನು ಎಲ್ಲರಿಗಿಂತ ಹೆಚ್ಚು ತಿರುಗಿಸಿದವಳು ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು.

೧. ವಾರ ಬಿಡುವುದು

ಇನ್ನೂ ಇಪ್ಪತ್ತಾರರ ಹುಡುಗಿ. ಒಬ್ಬ ಮಗ, ಒಬ್ಬ ಮಗಳು. ವಿಮಾನ ನಿಲ್ದಾಣದಲ್ಲಿ ಕಸ ಗುಡಿಸುವ ಕೆಲಸ. ಗಂಡ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಸೆಂಟ್ರಿಂಗ್ ಕೆಲಸದವನು. ಒಂದೇ ವರ್ಷದಲ್ಲಿ ಅವಳಿಗೆ ಇದು ಎರಡನೇ ಗರ್ಭಪಾತ. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, "ಮೈಯಲ್ಲಿ ರಕ್ತವೇ ಇಲ್ಲ. ಇನ್ನೊಮ್ಮೆ ಹೀಗಾದರೆ ಜೀವಕ್ಕೇ ಬರುತ್ತೆ. ಏನಾದರೂ ಒಪ್ಪಿಸಿಯೇ ಕಳಿಸು" ಅಂದರು.

"ಹೋದ ಸಲ ಆದ ಮ್ಯಾಲೆ ಏನು ವಾಪರ್ಸಿದ್ದಿ ತಂಗಿ?" ಅಂದೆ.

"ಗುಳಿಗಿ ರಿ ಅಕ್ಕಾರ. ಬ್ಯಾರೆ ದವಾಖಾನ್ಯಾಗ ಕೊಟ್ಟಿದ್ರು."

"ದಿನಾ ತಗೊಂಡಿ?"

"ದಿನಾ ತಗೊಂಡೀನ್ರಿ. ಒಂದಿನಾನೂ ಮರ್ತಿಲ್ಲ. ಸೋಮಾರ, ಶನಿವಾರ ಬಿಟ್ಟು."

"ಅವೆರಡು ಯಾಕ ಬಿಟ್ಟಿ?"

"ಅವತ್ತು ನನ್ನ ವಾರ ಅಲ್ರಿ? ವಾರ ಹಿಡದಾಗ ಔಷಧ ನುಂಗಂಗಿಲ್ಲ. ಮತ್ತ ಅಮಾಸಿ ದಿನ. ಅಮಾಸಿಗೆ ಯಾರು ಔಷಧ ತಗೋತಾರ್ರಿ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮಂಚಕ್ಕೆ ಎರಡು ಸುತ್ತು ಹಾಕಿ ಬಂದು ನಿಂತೆ. "ದೇವರ ವಾರ ಅಂತ ನೀ ಗುಳಿಗಿ ಬಿಟ್ಟಿ. ನಿನ್ನ ಗಂಡ ಯಾವ ವಾರ ಏನು ಬಿಟ್ಟಾನ?"

ಅವಳು ಫ್ಯಾನು ನೋಡುತ್ತಾ ಪ್ರಾಮಾಣಿಕವಾಗಿ ಯೋಚಿಸಿದಳು.

"ಅಂವಾ ಮಂಗಳವಾರ ದಾಡಿ ಮಾಡ್ಕೊಳ್ಳಾದು ಬಿಟ್ಟಾನ್ರಿ."

೨. ಜಗಲಿ ಮೇಲಿನ ಪಾಕೀಟು

ಗುಳಿಗೆ ಇವಳಿಗೆ ಆಗುವ ಮಾತಲ್ಲ ಅಂತ ಖಾತ್ರಿಯಾಯಿತು. ಬೇರೆ ಏನಾದರೂ ನಿಶ್ಚಯವಾಗುವ ತನಕ ಇರಲಿ ಅಂತ ಕರೆದುಕೊಂಡು ಹೋಗಲು ಬಂದ ಗಂಡನ ಕೈಗೆ ಕಾಂಡೋಮ್ ಪಾಕೀಟು ಇಟ್ಟೆ. ಒಳ್ಳೆಯ ಹುಡುಗ. ಹೆಂಡತಿಯ ಜೀವದ ಮಾತು ಕೇಳಿ ಅವನ ಮುಖ ಸಪ್ಪಗಾಗಿತ್ತು. ಆದರೂ ಪಾಕೀಟನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ.

"ಏನಾತು ತಮ್ಮಾ?"

"ಇಡಾಕ ಜಾಗ ಇಲ್ರಿ ಅಕ್ಕಾರ. ಇರಾದು ಒಂದs ರೂಮು. ಪೆಟ್ಟಿಗ್ಯಾಗ ಇಟ್ರ ಹುಡ್ರು ತಗದು ಪುಗ್ಗ ಊದತಾವ. ಹಾಸಿಗಿ ಬುಡಕ ಇಟ್ರ ಅವ್ವ ಝಾಡಿಸ್ತಾಳ."

ಅವನ ಅವ್ವ, ಅಂದರೆ ಇವಳ ಅತ್ತೆ, ಇನ್ನೊಬ್ಬ ಮೊಮ್ಮಗನಿಗಾಗಿ ಕಾದು ಕೂತಾಕೆ. "ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ" ಅಂತ ದಿನಕ್ಕೆರಡು ಸಲ ಹೇಳುವಾಕೆ. ಸೊಸೆ ದವಾಖಾನೆಗೆ ಬಂದದ್ದು ಹೊಟ್ಟೆನೋವಿಗೆ ಅಂತ ಆಕೆಯ ತಿಳುವಳಿಕೆ. ಆಕೆಗೆ ಗೊತ್ತಾದರೆ ಮನೆಯಲ್ಲಿ ರಾದ್ಧಾಂತ. ಜಾಗ ನೀನೇ ಹುಡುಕಿಕೋ ಅಂತ ಹೇಳಿ ಕಳಿಸಿದೆ.

ವಾರದ ತಪಾಸಣೆಗೆ ಇಬ್ಬರೂ ಬಂದರು. ನಾನು ಮೆಟ್ಟಿಲಲ್ಲೇ ಕೇಳಿದೆ, "ಜಾಗ ಸಿಕ್ತೇನಪಾ?"

"ಭಾಳ ಛಲೋ ಜಾಗ ಸಿಕ್ತ್ರಿ. ದೇವರ ಜಗಲಿ ಮ್ಯಾಲೆ, ಫೋಟೋದ ಹಿಂದ. ಅಲ್ಲಿ ಹುಡ್ರು ಕೈ ಹಾಕಂಗಿಲ್ಲ."

"ಮತ್ತ ವಾಪರ್ಸಿದ್ರಿ?"

ಅವನು ಹೆಂಡತಿ ಕಡೆ ನೋಡಿದ. ಅವಳು ಗೋಡೆ ಕಡೆ ನೋಡಿದಳು. "ಶುಕ್ರವಾರ ಅವ್ವ ಜಗಲಿ ತೊಳದ್ಲ್ರಿ. ಯಾವುದೋ ಗುಡಿ ಪ್ರಸಾದ ಅಂತ ತಿಳದು ಪಾಕೀಟಿಗೆ ಅರಿಷಿಣ ಕುಂಕುಮ ಹಚ್ಚಿ, ಹೂ ಏರಿಸಿ, ಊದಿನಕಡ್ಡಿ ಬೆಳಗಿ ಬಿಟ್ಲು."

"ಒಡದಿಲ್ಲಲ್ಲ, ಒರಸಿ ತಗೀಬೇಕಿತ್ತು."

"ಹೆಂಗ ತಗೀಲ್ರಿ? ದಿನಾ ಮುಂಜಾನೆ ಅದಕ್ಕ ಕೈ ಮುಗದು ಕೆಲಸಕ್ಕ ಹೋಗಾಕತ್ತೀನಿ."

೩. ಮಾಲಿನ ಗೇಟು

ಹೊಸ ಪಾಕೀಟು ಕೊಟ್ಟೆ, ಆದರೆ ನನಗೆ ಸಮಾಧಾನವಿಲ್ಲ. ಡಾಕ್ಟರಮ್ಮ ಹೇಳುತ್ತಿದ್ದದ್ದು ಕಾಪರ್-ಟಿ. ನಮ್ಮಲ್ಲಿ ವಂಕಿ ಅನ್ನುತ್ತಾರೆ. ಗರ್ಭಕೋಶದೊಳಗೆ ಒಮ್ಮೆ ಹಾಕಿದರೆ ವರ್ಷಗಟ್ಟಲೆ ಚಿಂತೆಯಿಲ್ಲ, ಬೇಡ ಅಂದಾಗ ತೆಗೆಸಬಹುದು. ಅದಕ್ಕೆ ಸೋಮವಾರವೂ ಇಲ್ಲ, ಅಮಾವಾಸ್ಯೆಯೂ ಇಲ್ಲ, ಅತ್ತೆಯ ಕಣ್ಣಿಗೂ ಬೀಳುವುದಿಲ್ಲ. ಇದಕ್ಕಿಂತ ಇನ್ನೇನು ಬೇಕು?

"ನನಗ ಬ್ಯಾಡ್ರಿ," ಅಂದಳು ಯಾದಗಿರಿಯಾಕೆ. "ಅದು ತಾಮ್ರದ್ದು ಹೌದಿಲ್ರಿ?"

"ಹೌದು, ಸಣ್ಣ ತಂತಿ ಇರ್ತೈತಿ."

"ದಿನಾ ಮುಂಜಾನೆ ಡ್ಯೂಟಿಗೆ ಹೋಗುಮುಂದ ಗೇಟಿನ್ಯಾಗ ಹೆಣ್ಣು ಗಾರ್ಡು ಮೈಮ್ಯಾಲೆಲ್ಲಾ ಕೈಮಶೀನು ಆಡಸ್ತಾಳ್ರಿ. ಲೋಹ ಇತ್ತಂದ್ರ ಅದು ಕುಂಯ್ ಅಂತೈತಿ. ಕುತ್ತಿಗಿ ಹತ್ರ ಅಂದ್ರ ತಾಳಿ ತೋರಸ್ತೀನಿ. ಕಾಲಾಗ ಅಂದ್ರ ಕಾಲುಂಗುರ ತೋರಸ್ತೀನಿ. ಅಲ್ಲಿ ಅಂದ್ರ ಏನು ತೋರಸ್ಲಿ?"

ಡಾಕ್ಟರಮ್ಮನನ್ನೇ ಕರೆದೆ. ಡಾಕ್ಟರಮ್ಮ ಕೇಳಿ ಬಿದ್ದು ಬಿದ್ದು ನಕ್ಕರು. ಎಳೆಯಷ್ಟು ತಂತಿ, ಅದು ಯಾವ ಮಶೀನಿಗೂ ತಿಳಿಯುವುದಿಲ್ಲ ಅಂದರು. "ಡಾಕ್ಟರ್ ಬಾಯಾರು ದಿನಾ ಗೇಟಿನ್ಯಾಗ ನಿಂದರತಾರೇನ್ರಿ?" ಅಂತ ಇವಳು ಕೇಳಿದಳು. ಅದೂ ಸರಿಯೇ.

ಕಡೆಗೆ ನಾನು ಬಾಯಿಬಿಟ್ಟೆ. ನನಗೇ ಆರು ವರ್ಷದಿಂದ ವಂಕಿ ಇದೆ, ಬಾ, ಕಣ್ಣಾರೆ ನೋಡು ಅಂತ ಅವಳನ್ನು ಎಳೆದುಕೊಂಡು ಒಂದು ಶಾಪಿಂಗ್ ಮಾಲಿಗೆ ಹೋದೆ. ಅಲ್ಲಿ ಬಾಗಿಲಲ್ಲಿ ಮಶೀನಿನ ಚೌಕಟ್ಟು ಇತ್ತು. ಧೈರ್ಯವಾಗಿ ಕಾಲಿಟ್ಟೆ. ಕುಂಯ್ ಅಂತು. ಅವಳು ಹಿಂದಿನಿಂದ "ನೋಡಿದ್ರ್ಯಾ?" ಅಂದಳು. ಹೊರಗೆ ಬಂದು ಬೀಗದ ಗೊಂಚಲು, ಫೋನು ಅವಳ ಕೈಗೆ ಕೊಟ್ಟು ಮತ್ತೆ ಹೋದೆ. ಮತ್ತೆ ಕುಂಯ್. ಆಗ ನೆನಪಾಯಿತು, ಸೀರೆಗೆ ಹಾಕಿದ್ದ ಪಿನ್ನುಗಳು. ಸೆರಗಿನದು, ನಿರಿಗೆಯದು, ಎಲ್ಲ ಕಿತ್ತೆ, ತಾಳಿ ಕಾಲುಂಗುರವನ್ನೂ ತೆಗೆದು ಅವಳ ಕೈಗಿಟ್ಟೆ. ನಿರಿಗೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಮೂರನೇ ಸಲ ದಾಟಿದೆ. ಸದ್ದಿಲ್ಲ. ಅವಳಿಗೆ ನಂಬಿಕೆ ಬರಲಿ ಅಂತ ಹೊರಬಂದು ನಾಲ್ಕನೇ ಸಲ ದಾಟಿದೆ. ಆಗಲೂ ಸದ್ದಿಲ್ಲ. ಅಲ್ಲಿಯ ಗಾರ್ಡು ಕೈಮುಗಿದು, "ಅಮ್ಮಾ, ಆಪ್ ಕೋ ಅಂದರ್ ಜಾನಾ ಹೈ ಯಾ ಬಾಹರ್?" ಅಂದ, ಒಳಗೆ ಹೋಗಬೇಕೋ ಹೊರಗೆ ಹೋಗಬೇಕೋ ಅಂತ.

ನಾನು ಗೆದ್ದವಳ ಹಾಗೆ ಅವಳ ಕಡೆ ತಿರುಗಿದೆ. ಅವಳು ತಲೆ ಅಲ್ಲಾಡಿಸಿದಳು.

"ನಿಮ್ಮದು ಹಳೇದ್ರಿ ಅಕ್ಕಾರ. ಹಳೇ ತಾಮ್ರ ಸುಮ್ಮನಿರ್ತೈತಿ. ಹೊಸಾದು ಒದರತೈತಿ."

೪. ಐದು ನಿಮಿಷ

ಆಮೇಲೆ ಮೂರು ನಾಲ್ಕು ವಾರ ಅವಳು ಈ ಕಡೆ ಬರಲಿಲ್ಲ. ಫೋನು ಮಾಡಿದರೆ "ವಿಚಾರ ಮಾಡಾಕತ್ತೀನ್ರಿ" ಅನ್ನುವಳು. ನಾನು ದಿನಾ ಕ್ಯಾಲೆಂಡರ್ ನೋಡುವುದು, ಬೆರಳು ಮಡಿಸುವುದು. ಅವಳಿಗಿಂತ ಹೆಚ್ಚು ನಾನೇ ದಿನ ಎಣಿಸಿದ್ದೇನೆ.

ಒಂದು ಮಧ್ಯಾಹ್ನ ಓಡುತ್ತಾ ಬಂದಳು. "ಒಂದೂವರಿ ತಿಂಗಳಾತು, ಇನ್ನೂ ಮುಟ್ಟು ಬಂದಿಲ್ಲ. ಒಂದs ದಿನ ರಿ. ಪಾಕೀಟು ಮುಗದಿತ್ತು." ಮುಖದಲ್ಲಿ ರಕ್ತವಿಲ್ಲ. ಮೊದಲೇ ಇರಲಿಲ್ಲ.

ಪರೀಕ್ಷೆಯ ಪಟ್ಟಿಯ ಮೇಲೆ ಹನಿ ಹಾಕಿದೆವು. ಎರಡು ಗೆರೆ ಬಂದರೆ ಬಸುರು. ಐದು ನಿಮಿಷ ಕಾಯಬೇಕು. ನಾನು ಓಣಿಯಂಥ ವರಾಂಡದಲ್ಲಿ ಆ ಕಡೆಯಿಂದ ಈ ಕಡೆಗೆ ತಿರುಗಲು ಶುರುಮಾಡಿದೆ. ಕೂತಿದ್ದವಳು ಎದ್ದು ಅವಳೂ ತಿರುಗತೊಡಗಿದಳು. ನಡುವೆ ಎದುರಾದಾಗ ಒಬ್ಬರಿಗೊಬ್ಬರು ಗೋಡೆಗೆ ಒತ್ತಿ ದಾರಿ ಬಿಡುವುದು, ಮತ್ತೆ ತಿರುಗುವುದು. ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, "ಇಬ್ಬರಲ್ಲಿ ಪರೀಕ್ಷೆ ಯಾರದು?" ಅಂತ ತೆಲುಗಿನಲ್ಲಿ ಕೇಳಿದರು.

ಒಂದೇ ಗೆರೆ. ಅವಳು ನೆಲಕ್ಕೇ ಕೂತು ಅತ್ತಳು. ನನ್ನ ಕಣ್ಣಲ್ಲೂ ನೀರು. "ಹಾಕ್ರಿ ಅಕ್ಕಾರ," ಅಂದಳು. "ಕುಂಯ್ ಅಂದ್ರ ಅನ್ಲಿ. ನಾ ಸತ್ರ ನನ್ನ ಹುಡ್ರು ಯಾರ ಕೈಯಾಗ ಉಣ್ಣಬೇಕು?"

ನಾಲ್ಕು ದಿನಕ್ಕೆ ಮುಟ್ಟು ಬಂತು. ಆ ವಾರವೇ, ಒಂದು ಶುಕ್ರವಾರ, ಡಾಕ್ಟರಮ್ಮ ವಂಕಿ ಹಾಕಿದರು. ನನಗೆ ಎಷ್ಟೋ ದಿನದ ಮೇಲೆ ಉಸಿರು ಸರಾಗ ಆಡಿತು. ಅವಳು ಮಲಗಿದ್ದಲ್ಲಿಂದಲೇ ನನ್ನ ಸೆರಗು ಜಗ್ಗಿದಳು.

"ಅಕ್ಕಾರ, ಇದು ಹಳೇದಾಗಾಕ ಎಷ್ಟು ದಿನ ಬೇಕು? ಸೋಮಾರ ಡ್ಯೂಟಿ ಐತಿ."

೫. ಸೋಮವಾರ ಮುಂಜಾನೆ

ಸೋಮವಾರ ಅವಳ ಪಾಳಿ ಆರು ಗಂಟೆಗೆ. ನಾನು ಐದಕ್ಕೇ ಎದ್ದು ಕೂತೆ. ಎರಡು ಸಲ ಚಹಾಕ್ಕೆ ಸಕ್ಕರೆ ಹಾಕಿದೆ. ಮಶೀನು ಸದ್ದು ಮಾಡುವುದಿಲ್ಲ ಅಂತ ಗೊತ್ತು, ಮಾಲಿನಲ್ಲಿ ನಾಲ್ಕು ಸಲ ದಾಟಿದವಳು ನಾನೇ. ಆದರೂ ಒಳಗೊಂದು ಹುಳ. ಎಲ್ಲರೆದುರು ಏನಾದರೂ ಆಗಿ ಅವಳು ಹೆದರಿ, "ತಗದು ಬಿಡ್ರಿ" ಅಂತ ಬಂದರೆ? ಮುಂದಿನ ಸಲ ಅವಳ ಮೈ ತಡೆಯುವುದಿಲ್ಲ. ಮೂರು ಸಲ ಫೋನು ಮಾಡಿದೆ. ಎತ್ತಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಕೆಲಸದ ಸಮವಸ್ತ್ರದಲ್ಲೇ ಮೆಟ್ಟಿಲು ಹತ್ತಿ ಬಂದಳು.

"ಏನಾತು?"

"ಕುತ್ತಿಗಿ ಹತ್ರ ಕುಂಯ್ ಅಂತ್ರಿ, ತಾಳಿ ತೋರಿಸ್ದೆ. ಕಾಲಾಗ ಕುಂಯ್ ಅಂತು, ಕಾಲುಂಗುರ ತೋರಿಸ್ದೆ. ಆಮ್ಯಾಲೆ ಗಾರ್ಡು ಮಶೀನು ನಡುವಿನ ಹತ್ರ ತಂದ್ಲು." ತನ್ನ ನಡುವಿನ ಮೇಲೆ ಕೈಯಿಟ್ಟಳು. "ಕುಂಯ್ ಅಂತ್ರಿ."

"ಮತ್ತ?"

"ಭೂಮಿ ಬಾಯಿ ಬಿಡಬಾರದೇನು ಅನ್ನಿಸ್ತು. ಎಲ್ಲಾ ಹೇಳಿಬಿಟ್ಟೆ ರಿ. ಅಂದರ್ ತಾಂಬಾ ಹೈ, ಡಾಕ್ಟರ್ ಡಾಲಿ, ಮೇರೆ ಸಾಸ್ ಕು ನಕೋ ಬೋಲೋ ಅಂದೆ, ಒಳಗ ತಾಮ್ರ ಐತಿ, ಡಾಕ್ಟರ್ ಹಾಕ್ಯಾರ, ನಮ್ಮತ್ತಿಗೆ ಹೇಳಬ್ಯಾಡ ಅಂತ ಕೈ ಮುಗದೆ. ಅಕಿ ನನ್ನ ನಡುವಿಗೆ ಕೈ ಹಾಕಿ ಒಂದು ಕರೀ ದಾರ ಜಗ್ಗಿದ್ಲು. ಅದರಾಗ ತಾಮ್ರದ ತಾಯತ. ಹೆಬ್ಬೆರಳಷ್ಟು ದಪ್ಪಂದು."

"ಯಾವ ತಾಯತ?"

"ಅತ್ತಿ ಊರಿಗೆ ಹೋಗಿ ಮಂತ್ರಿಸ್ಕೊಂಡು ಬಂದು ನಿನ್ನಿ ಸಂಜೀಕ ಕಟ್ಟಿದ್ಲ್ರಿ, ಮೊಮ್ಮಗ ಆಗ್ಲಿ ಅಂತ. ನನ್ನ ಜೀವೆಲ್ಲಾ ಒಳಗಿಂದ್ರ ಮ್ಯಾಲೆ. ಹೊರಗಿಂದು ನೆಪ್ಪs ಇಲ್ಲ ನನಗ."

ಗಾರ್ಡು ತಾಯತ ಹಿಡಿದು, ಇದು ಯಾಕೆ ಅಂತ ಕೇಳಿದಳಂತೆ. ಅತ್ತೆ ಕಟ್ಟಿದ್ದು, ಮಕ್ಕಳಾಗಲಿ ಅಂತ ಅಂದಳಂತೆ ಇವಳು. ಹಾಗಾದರೆ ಒಳಗಿನದು ಯಾಕೆ? ಮಕ್ಕಳಾಗಬಾರದು ಅಂತ. ಹಿಂದೆ ಸಾಲು ಬೆಳೆಯುತ್ತಿತ್ತಂತೆ. ಗಾರ್ಡು ದಾರ ಬಿಚ್ಚಿಸಿ, ತಾಯತವನ್ನು ಟ್ರೇಯಲ್ಲಿ ಇಡಿಸಿ, ಹೊಟ್ಟೆಯ ಮೇಲೆ ಮಶೀನನ್ನು ಎರಡು ಸಲ ಆಡಿಸಿದಳಂತೆ. ಸದ್ದೇ ಇಲ್ಲ.

"ಮತ್ತ ಏನಂದ್ಲು?" ಅಂದೆ.

"ನನ್ನ ಬೆನ್ನು ತಟ್ಟಿ ಅಂದ್ಲ್ರಿ. ಒಳಗಿಂದು ಒಳಗ ಹೋಗ್ಲಿ, ನಿಮ್ಮತ್ತೀದು ಮಾತ್ರ ಗೇಟಿನ್ಯಾಗ ಕುಂತಿರ್ಲಿ ಅಂತ."