ಮಾವನ ಬಂದರು

ನಮ್ಮ ಸೋದರಮಾವನವರಿಗೆ ಸ್ವಂತದ್ದೊಂದು ಬಂದರು ಇದೆ. ನಗಬೇಡಿ! ಹಡಗಿಲ್ಲ, ಕ್ರೇನಿಲ್ಲ, ಹಡಗು ಕಟ್ಟುವ ಧಕ್ಕೆಯೂ ಇಲ್ಲ. ಅಷ್ಟು ಬಿಟ್ಟರೆ ಉಳಿದದ್ದೆಲ್ಲ ತಯಾರಾಗಿದೆ.

ಜಿಲ್ಲೆಯ ಉತ್ತರದ ತುದಿಗೆ, ನಮ್ಮ ಉಪ್ಪುಂದದ ಕಡಲಿಗೆ, ದೊಡ್ಡ ವಾಣಿಜ್ಯ ಬಂದರು ಬರಬಹುದೆಂದು ಯಾರೋ ಬಸ್ಸಿನಲ್ಲಿ ಮಾತಾಡಿದ್ದು ಮಾವನ ಕಿವಿಗೆ ಬಿದ್ದದ್ದೇ ಎಲ್ಲದಕ್ಕೂ ಮೂಲ. ಮಾವ ವೃತ್ತಿಯಲ್ಲಿ ಅಡುಗೆಭಟ್ಟರು. ಸಾವಿರ ಜನಕ್ಕೆ ಸಾಂಬಾರು ಮಾಡಿದವರಿಗೆ ಒಂದು ಬಂದರು ಎಷ್ಟರದ್ದು? ಮದುವೆ ಕಾಗದಗಳ ಬೆನ್ನಿನ ಮೇಲೆ ನಕ್ಷೆ ಎಳೆದರು. ಅಂಗಳದ ತೆಂಗಿನ ಮರಗಳಿಗೆ ಸುಣ್ಣದಲ್ಲಿ ನಂಬರು ಬರೆದು, ಯಾವ ಹಡಗು ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡಿದರು. ಕಾಯಿ ಕೀಳಲು ಬಂದವನು ಏಳನೇ ಧಕ್ಕೆ ಹತ್ತಲು ಒಪ್ಪದೆ ವಾಪಸು ಹೋದ!

ಆಮೇಲೆ ವರ್ಷಕ್ಕೊಮ್ಮೆ ಕಡಲಿನ ಆಳ ಅಳೆಯುವ ಕೆಲಸ. ಹಗ್ಗಕ್ಕೆ ಮಾರಿಗೊಂದು ಗಂಟು. ಮಾರೆಂದರೆ ಎರಡೂ ಕೈ ಚಾಚಿದಷ್ಟು ಉದ್ದ. ತುದಿಗೆ ಭಾರ ಬೇಕಲ್ಲ? ಅರೆಯುವ ಕಲ್ಲಿನ ಗುಂಡನ್ನೇ ಕಟ್ಟಿ ಪರಿಚಯದವರ ದೋಣಿ ಹತ್ತಿದರು. ಅತ್ತೆ ದಡಕ್ಕೇ ಬಂದು ಕರೆದರು: “ಹ್ವಾಯ್, ಕಡ್ಲ್ ಅಳ್ದ್ ಆಯ್ತಂದ್ರೆ ಗುಂಡ್‌ಕಲ್ಲ್ ಕೊಡಿ. ಚಟ್ನಿ ಅರೂಕಿತ್ತ್.”

ಒಂದು ವರ್ಷ ಹಗ್ಗ ಸವೆದು ಹೊಸದಕ್ಕೆ ಗಂಟು ಹಾಕಿದರು. ಅಳೆದರೆ ಕಡಲು ಎರಡು ಮಾರು ಹೆಚ್ಚು ಆಳ! ದೊಡ್ಡ ಹಡಗೇ ಬರಬಹುದೆಂದು ಊರಿಗೆಲ್ಲ ಹೋಳಿಗೆ ಹಂಚಿದರು. ನಾವು ಹೋಳಿಗೆ ತಿಂದು ಮುಗಿಸಿದ ಮೇಲೆ ಅತ್ತೆ ಸಾವಕಾಶವಾಗಿ ವಿಷಯ ತಿಳಿಸಿದರು. ಆ ವರ್ಷ ಮಾವನಿಗೆ ಭುಜ ಹಿಡಿದುಕೊಂಡಿತ್ತು, ಕೈ ಪೂರ್ತಿ ಚಾಚಲು ಆಗುತ್ತಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಸರ್ವೆಯವರು ನಿಜವಾಗಿಯೂ ಬಂದೇಬಿಟ್ಟರು. ಮಾವ ಇಸ್ತ್ರಿ ಮಾಡಿದ ಪಂಚೆ ಉಟ್ಟು ಓಡಿದರು, ಹಿಂದೆ ನಾನು. ದಡದಲ್ಲಿ ಕೈರಂಪಣಿ ನಡೆದಿತ್ತು. ಕಡಲಿಗೆ ಬಿಟ್ಟ ದೊಡ್ಡ ಬಲೆಯನ್ನು ಊರವರು ಸಾಲಾಗಿ ನಿಂತು ದಡಕ್ಕೆ ಎಳೆಯುತ್ತಿದ್ದರು. ಹಗ್ಗಕ್ಕೆ ಕೈ ಹಾಕಿದ ಪ್ರತಿಯೊಬ್ಬರಿಗೂ ಮೀನಿನಲ್ಲಿ ಪಾಲು, ಅದು ಇಲ್ಲಿಯ ಕ್ರಮ. ಸಾಲಿನ ಕೊನೆಯಲ್ಲಿ ಮುತ್ತಕ್ಕಜ್ಜಿ ಇದ್ದಳು. ಎಳೆಯುವ ತ್ರಾಣ ಅವಳಿಗೆ ಎಂದೋ ಹೋಗಿದೆ, ಹಗ್ಗದ ಮೇಲೆ ಕೈ ಇಟ್ಟುಕೊಂಡು ನಡೆಯುತ್ತಾಳೆ ಅಷ್ಟೆ.

ಸರ್ವೆಯವರು ಆ ದಡವನ್ನು ತೋರಿಸಿ, ಈ ಜಾಗ ಖಾಲಿ ಅಂತ ಬರೆದುಕೊಳ್ಳಬಹುದಲ್ಲ ಎಂದು ಮಾವನನ್ನೇ ಕೇಳಿದರು. ಹೂಂ ಅಂದಿದ್ದರೆ ಮುಗಿಯಿತು. ಇಷ್ಟು ವರ್ಷ ಕಾದದ್ದು ಆ ಒಂದು ಹೂಂಗಾಗಿಯೇ ಅಲ್ಲವೇ? ಮಾವ ಸಾಲಿನ ಕೊನೆಗೆ ಕೈ ತೋರಿಸಿದರು.

“ಖಾಲಿ ಅಲ್ಲ ಮಾರಾಯ್ರೆ,” ಎಂದರು. “ಆ ಅಜ್ಜಿ ಕಾಣಿ. ಹಗ್ಗಕ್ಕೆ ಸುಮ್ನೆ ಕೈ ಇಟ್ಟದ್ದ್, ಆದ್ರೂ ಪಾಲ್ ಸಿಕ್ಕತ್ತ್. ನಿಮ್ಮ್ ಕ್ರೇನ್ ಅವ್ಳಿಗ್ ಪಾಲ್ ಕೊಡತ್ತಾ?”

ಅವರು ಏನೋ ಬರೆದುಕೊಂಡು ಜೀಪು ಹತ್ತಿದರು. ಮತ್ತೆ ಬರಲಿಲ್ಲ.

ಜೀಪು ಮರೆಯಾದ ಮೇಲೆ ಮಾವ ಇಸ್ತ್ರಿಯ ಪಂಚೆಯಲ್ಲೇ ಮರಳಿನ ಮೇಲೆ ಕುಳಿತುಬಿಟ್ಟರು. ಅಷ್ಟರಲ್ಲಿ ಮೀನು ಹಂಚಿ ಆಗಿತ್ತು. ಮಾವನ ಮಾತು ಕೇಳಿಸಿಕೊಂಡಿದ್ದ ಮುತ್ತಕ್ಕಜ್ಜಿ ಮೆಲ್ಲಗೆ ನಡೆದು ಬಂದು, ತನ್ನ ಪಾಲಿನಿಂದ ನಾಲ್ಕು ಬಂಗುಡೆ ತೆಗೆದು ಮಾವನ ಮುಂದೆ ಹಿಡಿದಳು.

“ತಕಣಿ. ಇವತ್ತ್ ನೀವೂ ಎಳ್ದಿರಿ.”

ಹುಟ್ಟಿದಾರಭ್ಯ ಮೀನು ಮುಟ್ಟದ ಅಡುಗೆಭಟ್ಟರು ಎರಡೂ ಕೈ ಚಾಚಿ ತೆಗೆದುಕೊಂಡರು. ಅವರ ಕಣ್ಣು ತುಂಬಿತ್ತು. ಇಷ್ಟು ವರ್ಷ ಅವರನ್ನು ನೋಡಿ ನಕ್ಕ ನಾನು ಅವರ ಪಕ್ಕ ಕುಳಿತೆ.