ಕಾಕಾನ ಟಿವಿಯೊಳಗಿನ ಇರುವೆಗಳು

ಬ್ರಹ್ಮಾಂಡ ಹುಟ್ಟಿದ್ದಕ್ಕೆ ಸಾಕ್ಷಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ, ಸೀದಾ ಬಸವನ ಬಾಗೇವಾಡಿಯ ಬಸ್ಸು ಹತ್ತಿ ಎನ್ನುತ್ತೇನೆ. ಅಲ್ಲಿ ನಮ್ಮ ಕಾಕಾನ ಮನೆಯ ಟಿವಿಯಲ್ಲಿದೆ! ಸಿಕ್ಕಿತೇ ಎಂದು ಮಾತ್ರ ಕೇಳಬೇಡಿ.

ಕಾಕಾನದು ಕಿರಾಣಿ ಅಂಗಡಿ. ಸಾಮಾನು ಕಟ್ಟುವ ಹಳೆಯ ಪೇಪರನ್ನು ಓದದೆ ಹರಿಯುವ ಆಸಾಮಿಯಲ್ಲ. ಗಿರಾಕಿ ಕಾಯುತ್ತ ನಿಂತರೆ, ಇವನು ಓದುತ್ತ ನಿಲ್ಲುತ್ತಿದ್ದ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಹಾಗೆ ಸಿಕ್ಕಿದ್ದೇ ಆ ಲೇಖನ. ವಿಶ್ವ ಹುಟ್ಟಿದೊಡನೆ, ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿಯದೆ, ಭರ್ರನೆ ಉಬ್ಬಿತಂತೆ. ಅದರ ಗುರುತು ಆಕಾಶದ ತುಂಬ ಹರಡಿದ ಹಳೆಯ ಮೈಕ್ರೋವೇವ್ ಬೆಳಕಿನಲ್ಲಿ ಉಳಿದಿರಬೇಕಂತೆ. ಚಾನೆಲ್ ಇಲ್ಲದಾಗ ಟಿವಿಯಲ್ಲಿ ಇರುವೆ ಮುತ್ತಿದಂತೆ ಗಿಜಿಗುಡುವ ಚುಕ್ಕಿಗಳಲ್ಲೂ ಆ ಬೆಳಕು ಚೂರು ಸೇರಿದೆಯಂತೆ! ಸರಿ, ಗುರುತು ಹುಡುಕುವುದು ಹೇಗೆ? ಅಲ್ಲಿಗೆ ಪೇಪರ್ ಹರಿದಿತ್ತು. ಉಳಿದರ್ಧ ಬೆಲ್ಲ ಸುತ್ತಿಕೊಂಡು ಪಕ್ಕದ ಮಸೂತಿ ಎಂಬ ಹಳ್ಳಿಗೆ ಹೋಗಿತ್ತು.

ಕಾಕಾ ಅಂಗಡಿ ಮುಚ್ಚಿ ಸೈಕಲ್ ಹತ್ತಿದ. ಬೆಲ್ಲ ಒಯ್ದಿದ್ದ ಮುದುಕಿ ಇವನನ್ನು ಕಂಡು ಗಾಬರಿಯಾದಳಂತೆ.

“ಬೆಲ್ಲ ಅಲ್ಲಬೇ, ಪೇಪರ್ ಎಲ್ಲೈತಿ? ಅದರಾಗ ಬ್ರಹ್ಮಾಂಡ ಐತಿ!”

“ಅದನ್ನ ಒಲಿಗೆ ಹಾಕಿದ್ನೆಲ್ರೀ ಸಾವಕಾರ್ರ! ಅದರ ಮ್ಯಾಲೇ ಚಾ ಕುದಿಯಾಕತ್ತೈತಿ, ಕುಡದ ಹೋಗ್ರಿ.”

ಕಾಕಾ ಚಹಾ ಕುಡಿದು ಬಂದ.

ಅಂದಿನಿಂದ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವುದು, ದಡದಡ ಇಳಿದು ಟಿವಿ ನೋಡುವುದು, ಮತ್ತೆ ಹತ್ತುವುದು! ಕೊಲ್ಹಾರದ ಕಡೆ ತಿರುಗಿಸಿದರೂ ಇರುವೆ, ಮಸೂತಿಯ ಕಡೆ ತಿರುಗಿಸಿದರೂ ಇರುವೆ. ಊಟಕ್ಕೆ ಕೂತರೆ ಉಬ್ಬಿದ ರೊಟ್ಟಿಯನ್ನು ತಾಟಿನಲ್ಲೇ ತಿರುವಿ ತಿರುವಿ ಕಲೆ ಪರೀಕ್ಷಿಸುತ್ತಿದ್ದ.

“ಉಬ್ಬಿದ್ದಕ್ಕ ಕಲಿ ಉಳದಾವ ನೋಡು!”

“ರೊಟ್ಟಿ ತಿನ್ನಾಕ ಐತ್ರಿ, ಓದಾಕಲ್ಲ!” ಎಂದು ಅವನ ಹೆಂಡತಿ, ನಮ್ಮ ಕಾಕು, ಗದರುತ್ತಿದ್ದಳು. ಈ ಇರುವೆಗಳ ಕಾಟದಲ್ಲಿ ಧಾರಾವಾಹಿ ತಪ್ಪಿ ತಪ್ಪಿ ಅವಳಿಗೂ ತಲೆಕೆಟ್ಟಿತ್ತು. ಕೊನೆಗೆ ಕೇಬಲ್‌ನವನಿಗೆ ಹೇಳಿಯೇ ಬಿಟ್ಟಳು. ಕೇಬಲ್ ಬಂದರೆ ಆಂಟೆನಾ ಇಳಿಯುತ್ತದೆ. ಇರುವೆಗಳ ಕಥೆಯೂ ಮುಗಿಯುತ್ತದೆ.

ಆ ದಿನ ನಾನೂ ಅಲ್ಲಿದ್ದೆ. ಕೇಬಲ್‌ನವನು ಬಾಗಿಲಲ್ಲಿ ವೈರಿನ ಸುರುಳಿ ಇಳಿಸಿದ. ಕಾಕಾ ಟಿವಿಗೆ ಬೆನ್ನು ಕೊಟ್ಟು ಅಡ್ಡ ನಿಂತುಬಿಟ್ಟ!

“ಬಿಡು ಕಾಕಾ, ಕಣ್ಣು ಮಿಟುಕಿಸೂದ್ರಾಗ ಮುಗದು ಹೋಗಿದ್ದಕ್ಕ ಎಲ್ಲೀ ಗುರುತು?” ಎಂದು ನಾನು ನಕ್ಕೆ.

ಕಾಕಾ ನಗಲಿಲ್ಲ.

“ಹಂಗನಬ್ಯಾಡ ತಮ್ಮಾ. ನಮ್ಮ ಕೂಸು ಎಷ್ಟೊತ್ತಿತ್ತು? ತೊಟ್ಲಕ್ಕ ಹಾಕೂದ್ರಾಗ ಹೋತು. ಹೆಸರೂ ಇಡಲಿಲ್ಲ. ಗುರುತೇ ಉಳಿಯೂದಿಲ್ಲಂದ್ರ ಹೆಂಗ?”

ಅವರಿಗೊಂದು ಮಗುವಾಗಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿದ್ದ ಕಾಕು ಸೆರಗಿನಿಂದ ಮುಖ ಒರೆಸಿಕೊಂಡಳು. ಕೇಬಲ್‌ನವನಿಗೆ, “ಬ್ಯಾಡ್ರಿ, ನೀವು ಹೋಗ್ರಿ,” ಎಂದಳು. ಎಂದೂ ಮಾಳಿಗೆ ಹತ್ತದವಳು ಸೀರೆ ಎತ್ತಿ ಕಟ್ಟಿ ನಿಚ್ಚಣಿಕೆ ಏರಿದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಅವಳ ದನಿ ಕೇಳಿಸಿತು:

“ಯಾವ ಕಡೆ ತಿರುವಲ್ರೀ? ಛಂದಂಗ ನೋಡ್ರಿ!”