ಕೊಟ್ಟಿಗೆಯ ಚಾಪೆಯಿಂದ ಮಾಡಿದ ಬುಷ್ಷು

ನನಗೊಂದು ಕಾಯಿಲೆಯಿದೆ. ಎಲ್ಲಿ ಏನು ಸದ್ದಾದರೂ ಅದನ್ನು ನಿಲ್ಲಿಸುವವರೆಗೆ ಅನ್ನ ಸೇರುವುದಿಲ್ಲ. ಬಾಗಿಲು ಕಿರುಗುಟ್ಟಿದರೆ ಎಣ್ಣೆ ಬಿಡುತ್ತೇನೆ, ನಲ್ಲಿ ತೊಟ್ಟಿಕ್ಕಿದರೆ ದಾರ ಸುತ್ತುತ್ತೇನೆ. ಆಮೇಲೆ ಆ ಬಾಗಿಲು ಮುಚ್ಚುವುದಿಲ್ಲ, ಆ ನಲ್ಲಿ ತೆರೆಯುವುದಿಲ್ಲ ಎಂಬುದು ಬೇರೆ ಮಾತು. ಚಿಕ್ಕಂದಿನಲ್ಲಿ ನಮ್ಮ ದೊಡ್ಡಮ್ಮ, "ಸದ್ದಿದ್ರೆ ಮನೇಲಿ ಜನ ಇದಾರೆ ಅಂತ ಮಾರಾಯ, ಸುಮ್ನೆ ಕೂತ್ಕ" ಎಂದು ಗದರುತ್ತಿದ್ದರು. ಅವರಿಂದ ಮಾತು ಕಲಿತೆ. ಬುದ್ಧಿ ಕಲಿಯುವುದು ಹಾಗೇ ಉಳಿದುಹೋಯಿತು.

ನಾನು ಕಳಸದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಧಣಿಗಳು ಹೊಸ ಕಾರು ತಂದಾಗ ಅವರ ಹಳೆಯ ಜೀಪು ನನ್ನ ಪಾಲಿಗೆ ಬಂತು. ಅದರ ಹಾರ್ನ್ ಒಂದು ಬಿಟ್ಟು ಮಿಕ್ಕದ್ದೆಲ್ಲ ಸದ್ದು ಮಾಡುತ್ತಿತ್ತು. ಹೆಂಡತಿ ಪ್ರೇಮಳನ್ನು ಕೂರಿಸಿಕೊಂಡು ವಸ್ತಾರೆಯ ಅವಳ ತವರಿಗೆ ಹೋಗುವಾಗಲಂತೂ ಕಬ್ಬಿಣದ ಅಂಗಡಿಯೇ ಗುಡ್ಡ ಇಳಿದು ಹೊರಟಂತಿರುತ್ತಿತ್ತು. ಅಷ್ಟು ಗದ್ದಲದಲ್ಲೂ ಪ್ರೇಮ ದಾರಿಯುದ್ದಕ್ಕೂ ಕಣ್ಣನ್ನು ರಸ್ತೆಯ ಮೇಲೇ ಇಟ್ಟು ಮಾತಾಡುತ್ತ ಬರುತ್ತಿದ್ದಳು. ನನಗೆ ಒಂದಕ್ಷರ ಕೇಳುತ್ತಿರಲಿಲ್ಲ. ಅವಳ ತುಟಿ ನಿಂತಾಗೆಲ್ಲ "ಹೂಂ" ಅನ್ನುತ್ತಿದ್ದೆ. ಸಂಸಾರ ಸುಖವಾಗಿ ಸಾಗುತ್ತಿತ್ತು.

ಸದ್ದಿನ ಮೂಲ ಬುಷ್ಷು ಎಂದರು ಮೂಡಿಗೆರೆಯ ಗ್ಯಾರೇಜಿನವರು. ಸ್ಪ್ರಿಂಗ್ ಪ್ಲೇಟಿನ ತುದಿಯ ಸುರುಳಿಯೊಳಗೆ ಕೂರುವ ದಪ್ಪ ರಬ್ಬರ್ ಬಳೆ ಅದು. ಸವೆದು ಹೋದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. "ಇದಕ್ಕೆ ಯಾವ್ದೋ ಲಾರಿ ಪ್ಲೇಟ್ ಹಾಕಿದಾರೆ ಸಾರ್, ಈ ಅಳತೆ ಬುಷ್ ಎಲ್ಲೂ ಸಿಗಲ್ಲ" ಎಂದರು. ಸಿಗುವುದಿಲ್ಲ ಎಂದರೆ ನನ್ನಂಥವನಿಗೆ ವೀಳ್ಯ ಕೊಟ್ಟು ಕರೆದಂತೆ.

ನಮ್ಮ ಕೊಟ್ಟಿಗೆಯಲ್ಲಿ ಹಸು ಜಾರದಿರಲೆಂದು ಹಾಸಿದ ಒಂದು ದಪ್ಪ ರಬ್ಬರ್ ಬೆಲ್ಟಿದೆ. ಕುದುರೆಮುಖದಲ್ಲಿ ಗಣಿ ನಿಂತ ಮೇಲೆ ಬಂದದ್ದು, ಅದಿರು ಹೊತ್ತದ್ದು ಎಂದು ಹೇಳಿ ಗುಜರಿಯವನು ಕೊಟ್ಟಿದ್ದ. ಅದರ ಒಂದು ಮೂಲೆ ಕತ್ತರಿಸಿದೆ. ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ನಡುವೆ ತೂತು ಕೊರೆದು, ಕಬ್ಬಿಣದ ಕೊಳವೆಗೆ ಪೋಣಿಸಿ, ಹರಳೆಣ್ಣೆ ಸವರಿ, ವೈಸಿನ ಇಕ್ಕಳದಲ್ಲಿ ಅದುಮಿ ಪ್ಲೇಟಿನ ಸುರುಳಿಯೊಳಗೆ ಕೂರಿಸಿದೆ. ಪ್ರೇಮ ಬಂದು ನೋಡಿದಳು.

"ಹಸು ಚಾಪೆ ಕತ್ತರ್ಸಿದ್ರಾ?"

"ಮೂಲೆ ಮಾತ್ರ ಕಣೆ. ಎಲ್ಲಾ ನಿನ್ನ ಸೊಂಟಕ್ಕೋಸ್ಕರ."

"ನನ್ ಸೊಂಟ ಎಂತ ಮಾಡಿತ್ತು ಮಾರಾಯ್ರೆ ನಿಮಗೆ? ಹರಳೆಣ್ಣೆನೂ ಮುಗಿಸಿದೀರಿ."

ಮುಂದಿನ ಭಾನುವಾರ ವಸ್ತಾರೆಗೆ ಹೊರಟೆವು. ಜೀಪು ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಮೆಚ್ಚುಗೆಯ ಮಾತಿಗೆ ಕಾದೆ. ಬಾಳೆಹೊನ್ನೂರು ಬಂದರೂ ಪ್ರೇಮ ತುಟಿ ಬಿಚ್ಚಲಿಲ್ಲ.

"ಏನು, ಇವತ್ತು ಮಾತೇ ಇಲ್ಲ?"

"ನೀವು ಹೂಂ ಅಂತಿದ್ರಲ್ಲ, ಏನಾದ್ರೂ ಕೇಳಿಸ್ತಿತ್ತಾ?"

ಸುಳ್ಳು ಹೇಳಲು ಜೀಪಿನ ಗದ್ದಲವೂ ಜೊತೆಗಿರಲಿಲ್ಲ. "ಇಲ್ಲ" ಎಂದೆ.

"ಗೊತ್ತು. ಅದ್ಕೇ ಹೇಳ್ತಿದ್ದೆ." ಅವಳು ಸೆರಗು ಸರಿಮಾಡಿಕೊಂಡಳು. "ಮದುವೆ ಆಗಿ ಬಂದಾಗಿಂದ ಒಳಗೆ ಅತ್ತೆಮ್ಮ, ಜಗಲೀಲಿ ಮಾವ, ಕಣದಲ್ಲಿ ಜನ. ಹೇಳ್ಕಳಕ್ಕೆ ಒಂದು ಜಾಗ ಬೇಕಲ್ಲ? ನಿಮ್ಮ ಮನೆಯವರ ಸುದ್ದಿ ಅರ್ಧ, ನಿಮ್ಮ ಸುದ್ದಿ ಅರ್ಧ. ಇಲ್ಲಿ ಹೇಳಿ ಮುಗ್ಸಿದ್ರೆ ತವರಲ್ಲಿ ನಗ್ತಾ ಇಳೀತಿದ್ದೆ."

"ಈಗ ಹೇಳು. ಚೆನ್ನಾಗಿ ಕೇಳಿಸ್ತದೆ."

"ಅದೇ ತೊಂದ್ರೆ."

ಅವತ್ತು ತವರಿನ ಅಂಗಳದಲ್ಲಿ ಅವಳು ನಗದೆ ಇಳಿದಳು. ಏನಾಯ್ತು ಎಂದು ಅತ್ತೆ ನನ್ನನ್ನು ಕೇಳಿದರು. ಬುಷ್ ಹಾಕಿದೆ ಎಂದು ಹೇಳಲಾದೀತೆ? ಮನೆಗೆ ಮರಳಿದ ಮೇಲೂ ಹಾಗೆಯೇ: ಪಾತ್ರೆಗಳು ಒಂದಕ್ಕೊಂದು ಬಡಿದವು, ಅವಳು ಸುಮ್ಮನಿದ್ದಳು. ಇಷ್ಟು ದಿನ ನಾನು ಕೇಳದೇ ಹೋದ ಮಾತುಗಳಿಗಾಗಿ ನನ್ನ ಕಿವಿ ಮೊದಲ ಸಲ ಹಸಿಯಿತು. ಬುಷ್ಷು ತಾನಾಗಿ ಸವೆದೀತೆಂಬ ಆಸೆಯೂ ಇರಲಿಲ್ಲ. ಗುಡ್ಡದಷ್ಟು ಅದಿರು ಹೊತ್ತ ಬೆಲ್ಟು ನಮ್ಮಿಬ್ಬರ ಭಾರಕ್ಕೆ ಜಗ್ಗುತ್ತದೆಯೇ?

ಕೊನೆಗೆ ಒಂದು ಬೆಳಗ್ಗೆ ಅವಳು ಹೂ ಕೊಯ್ಯಲು ಹೋದಾಗ ಜೀಪಿನ ಕೆಳಗೆ ತೂರಿದೆ. ಅವಳು ಕೂರುವ ಎಡಗಡೆಯ ಬುಷ್ಷೊಂದನ್ನು ಬಿಚ್ಚಿ, ಸವೆದುಹೋಗಿದ್ದ ಹಳೆಯದನ್ನೇ ತುರುಕಿದೆ. ಕೈ ತೊಳೆದುಕೊಂಡು ಏನೂ ತಿಳಿಯದವನಂತೆ ಕಾಫಿ ಕೇಳಿದೆ.

ಮತ್ತೆ ವಸ್ತಾರೆಗೆ ಹೊರಟಾಗ ಗೇಟು ದಾಟುತ್ತಲೇ ಗಡಗಡ ಶುರುವಾಯಿತು. ಪ್ರೇಮ ನನ್ನತ್ತ ನೋಡಲಿಲ್ಲ. ಮೊದಲ ತಿರುವು ಕಳೆಯಿತು, ಎರಡನೆಯದು ಕಳೆಯಿತು. ಆಮೇಲೆ ರಸ್ತೆ ನೋಡುತ್ತ ಮೆಲ್ಲಗೆ ತುಟಿ ಆಡಿಸತೊಡಗಿದಳು. ನನ್ನ ಎದೆ ಹಗುರವಾಯಿತು. ಎಂದಿನಂತೆ, ಎಂದಿಗಿಂತ ಸ್ವಲ್ಪ ಮೆತ್ತಗೆ, "ಹೂಂ" ಎನ್ನುತ್ತ ಹೋದೆ.

ಇಳಿಜಾರಿನಲ್ಲಿ ಬಸ್ಸೊಂದು ಎದುರಾಯಿತು. ಅದಕ್ಕೆ ದಾರಿ ಬಿಡಲು ಜೀಪು ನಿಲ್ಲಿಸಿದೆ. ಸದ್ದು ತಟ್ಟನೆ ನಿಂತಿತು, ಅವಳ ಮಾತು ಮಾತ್ರ ಒಂದು ಮಾರು ಮುಂದೆ ಹೋಗಿ ನಿಂತಿತು:

"...ಎಡಗಡೆದು ಬಿಚ್ಚಿಟ್ಟಿದ್ದು ನಂಗೆ ಗೊತ್ತಾಗಿಲ್ಲ ಅನ್ಕಂಡಿದಾರೆ, ಪಾಪ."

ನಾನು "ಹೂಂ" ಅಂದೆ.